ಒನಕೆ ನಿಂತ ಭಾನುವಾರ

ಸುವರ್ಣಾ ಅಕ್ಕೋರು ಹೂವಿನ ಹಿಪ್ಪರಗಿಯ ನಮ್ಮ ಶಾಲೆಗೆ ವಿಜ್ಞಾನ ಕಲಿಸಲು ಬಂದಾಗ ಅವರ ಚೀಲದಲ್ಲಿ ಪುಸ್ತಕಕ್ಕಿಂತ ಕನ್ನಡಿ ಚೂರು, ರಟ್ಟು, ಸುತಳಿಗಳೇ ಹೆಚ್ಚು. ಸಿಂದಗಿಯವರು, ಮಾತು ಪಟಾಕಿ. "ಆಕಾಶ ನೋಡಾಕ ಹುಡುಗ್ಯಾರು ಯಾರ ಪರವಾನಗಿ ತಗೋಬೇಕ್ರಿ?" ಎಂದು ಹೆಡ್‌ಮಾಸ್ತರರನ್ನೇ ಕೇಳಿದವರು. ಮುಂದೆ ಮುದ್ದೇಬಿಹಾಳ, ಇಂಡಿ ಊರುಗಳ ಶಾಲೆಗಳಿಗೂ ಹೋಗಿ ಎಷ್ಟೋ ಹುಡುಗಿಯರ ಕೈಗೆ ಕನ್ನಡಿ ಕೊಟ್ಟರು. ಮೊದಲ ಕನ್ನಡಿ ಮಾತ್ರ ನನ್ನದು.

೧೯೯೫ರ ದೀಪಾವಳಿ ಅಮಾವಾಸ್ಯೆಯ ಬೆಳಗ್ಗೆ ಸೂರ್ಯಗ್ರಹಣವಿತ್ತು. ಸಣ್ಣ ತೂತಿನ ರಟ್ಟು ಮುಚ್ಚಿದ ಕನ್ನಡಿಯಿಂದ ಸೂರ್ಯನ ಬಿಂಬವನ್ನು ಶಾಲೆಯ ಗೋಡೆಗೆ ಬೀಳಿಸೋಣ, ಎಲ್ಲವನ್ನೂ ಹುಡುಗಿಯರೇ ಮಾಡಬೇಕು ಎಂದರು ಅಕ್ಕೋರು. ಕನ್ನಡಿ ಹಿಡಿಯುವ ಕೆಲಸ ನನಗೆ ಬಂತು. ಆದರೆ ನಮ್ಮಜ್ಜಿ, ಆಯಿ ಗುಂಡವ್ವ ಒಪ್ಪಬೇಕಲ್ಲ! ಗ್ರಹಣ ಹಿಡಿದಾಗ ನೀರಿನ ಪರಾತದಲ್ಲಿ ಒನಕೆ ನೆಟ್ಟಗೆ ನಿಲ್ಲಿಸುವವಳು, ಅದು ಬಿದ್ದೊಡನೆ "ಬಿಟ್ಟತು, ಜಳಕಾ ಮಾಡ್ರಿ" ಎಂದು ಓಣಿಗೆಲ್ಲ ಕೂಗುವವಳು ಅವಳೇ. ಅವಳು ಬೇಡವೆಂದರೆ ಓಣಿಯ ಒಬ್ಬ ಹುಡುಗಿಯೂ ಹೊಸ್ತಿಲು ದಾಟುವಂತಿರಲಿಲ್ಲ.

ಹಿಂದಿನ ಭಾನುವಾರ ಅಕ್ಕೋರು ನಮ್ಮ ಮನೆಗೇ ಬಂದರು.

"ಗ್ರಹಣದ ಸೆಳತಕ್ಕ ಒನಕಿ ನಿಂದರತೈತ್ರಿ. ಅಂಥಾ ಹೊತ್ತಿನ್ಯಾಗ ಹೆಣ್ಮಕ್ಕಳು ಹೊರಗ ಬರಬಾರದು" ಎಂದಳು ಆಯಿ.

"ಹಂಗಾರ ಇವತ್ತ ನಿಂದ್ರಂಗಿಲ್ಲೇನ್ರಿ?"

"ಸಾಧ್ಯನ ಇಲ್ಲ! ನಿಂತರ ಹುಡುಗೀನ್ನ ಕರಕೊಂಡ ಹೋಗ್ರಿ. ನಾನೂ ಬರ್ತೇನಿ."

ಅಕ್ಕೋರು ನನ್ನತ್ತ ತಿರುಗಿದರು. "ಹೂಂ, ನಿಲ್ಲಸು."

ಒನಕೆ ಬಿತ್ತು. ಮತ್ತೆ ಬಿತ್ತು, ಅದೂ ನನ್ನ ಕಾಲ ಮೇಲೆ. ಆಯಿ ಕಿಸಕ್ಕನೆ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಬುಡದ ಸಪಾಟು ಭಾಗ ಹುಡುಕಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಕೈ ಬಿಟ್ಟೆ. ನಿಂತಿತು! ಗ್ರಹಣವಿಲ್ಲ, ಏನಿಲ್ಲ, ಹಾಡುಹಗಲಲ್ಲೇ ನಿಂತಿತು.

ಆಯಿಯ ಮುಖ ಸಣ್ಣದಾಯಿತು. ಆದರೆ ಗುಂಡವ್ವ ಮಾತಿಗೆ ತಪ್ಪಿದವಳಲ್ಲ. "ನನ್ನ ಮೊಮ್ಮಗಳ ಕೈರೀ ಅದು, ಏನಂತ ತಿಳದೀರಿ!" ಎಂದು ಅಕ್ಕೋರಿಗೇ ಜಂಬ ಕೊಚ್ಚಿದಳು.

ಗ್ರಹಣದ ದಿನ ಓಣಿಯ ತುದಿಯ ಶಾಲೆಯಲ್ಲಿ ಹುಡುಗಿಯರೋ ಹುಡುಗಿಯರು. ನಾನು ಬಾಗಿಲಾಚೆ ಕನ್ನಡಿ ಹಿಡಿದು ನಿಂತೆ. ಕತ್ತಲೆ ಕೋಣೆಯ ಗೋಡೆಯ ಮೇಲೆ ಸೂರ್ಯ ಕುಡಗೋಲಿನಂತಾದಾಗ ಆಯಿ, "ಅಯ್ಯ ನನ್ನ ಶಿವನ!" ಎಂದು ಅಲ್ಲೇ ಕೂತುಬಿಟ್ಟಳು.

ತಾಸು ಕಳೆದ ಮೇಲೆ ಶಾಲೆಯ ಪಕ್ಕದ ಮನೆಯ ಬಾಳಮ್ಮ ತನ್ನ ಬಾಗಿಲ ಸಂದಿಯಿಂದ ಕೂಗಿದಳು: "ಗುಂಡಕ್ಕಾ, ಒಲಿ ಹಚ್ಚಬೇಕು. ಒನಕಿ ಬಿತ್ತೇನ?"

"ಒನಕಿ ಮೂಲ್ಯಾಗ ಐತಿ. ನನ್ನ ಮೊಮ್ಮಗಳನ್ನ ಕೇಳ!"

ಗೋಡೆ ನೋಡಿದೆ. ಬಿಂಬದ ಅಂಚಿನಲ್ಲಿ ಕಚ್ಚಿದಂಥ ಸಣ್ಣ ಗುರುತು ಉಳಿದಿತ್ತು. "ಇನ್ನೂ ಇಲ್ಲ" ಎಂದೆ. ಇಡೀ ಓಣಿ ಕಾಯಿತು. ಸೂರ್ಯ ದುಂಡಗಾದ ಮೇಲೆ ಆಯಿಯ ಕಡೆ ನೋಡಿದೆ. ಅವಳು, ನೀನೇ ಕೂಗು ಎಂಬಂತೆ ನನಗೇ ಕೈಸನ್ನೆ ಮಾಡಿದಳು.

"ಬಿಟ್ಟತು, ಜಳಕಾ ಮಾಡ್ರಿ!" ಎಂದು ಕೂಗಿದೆ. ಓಣಿಯ ಬಾಗಿಲುಗಳೆಲ್ಲ ತೆರೆದವು.