ವೈರ್‌ಮನ್ ಕಾಕಾ ಮತ್ತು ಹನ್ನೆರಡು ವಾಕಿಟಾಕಿ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಲೈಟಿನ ಕಂಬದ ಮೇಲೆ ಎಂದೋ ಸುಟ್ಟುಹೋದದ್ದು. ಆ ಜಾಗ ನುಣ್ಣಗೆ, ಹುಣಸೆಬೀಜದಂತೆ ಹೊಳೆಯುತ್ತಿತ್ತು. ವಾಕಿಟಾಕಿಯ ಗುಂಡಿಯನ್ನು ಅದೇ ಬೆರಳಿನಿಂದ ಒತ್ತಿ, ಒಂದು ಉಸಿರು ತಡೆದು, ಆಮೇಲೆ ಮಾತಾಡುತ್ತಿದ್ದರು. "ಒತ್ತಿದ ಕೂಡ್ಲೇ ಬಾಯಿ ಬಿಡಬ್ಯಾಡ ಸೂನಬಾಯಿ, ಮೊದಲನೇ ಅಕ್ಷರ ಗಾಳಿಗಿ ಹೋಗ್ತದ" ಎಂದು ಊರಿನ ಸೊಸೆಯಾದ ನನಗೆ ಎಷ್ಟು ಸಲ ಹೇಳಿದ್ದರೋ.

ಊರಿಗೆಲ್ಲ ಅವರು ವೈರ್‌ಮನ್ ಕಾಕಾ. ನಾನು ಬಸವಕಲ್ಯಾಣದ ಕಡೆಯಿಂದ ಉಮರ್ಗಾ ತಾಲೂಕಿನ ಈ ಊರಿಗೆ ಸೊಸೆಯಾಗಿ ಬರುವಷ್ಟರಲ್ಲಿ ಭೂಕಂಪವಾಗಿ ಇಪ್ಪತ್ತು ವರ್ಷ ಕಳೆದಿದ್ದವು. ಕಾಕಾನ ಹೆಂಡತಿ ಅದರಲ್ಲಿ ಗೋಡೆಯಡಿ ಸಿಕ್ಕು ತೀರಿಕೊಂಡಳೆಂದು ಅತ್ತೆ ಒಮ್ಮೆ ಹೇಳಿದ್ದರು. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಲ್ಲಿ ಅದನ್ನು ಕೇಳುವ ರೂಢಿಯಿಲ್ಲ.

ಭೂಕಂಪದಲ್ಲಿ ಬಿದ್ದ ಹಳೆಯ ಊರಿನಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದವಂತೆ. ಹೊಸ ಊರಿನಲ್ಲಿ ಸರ್ಕಾರ ಟೇಪು ಹಿಡಿದು ಅಗಲ ರಸ್ತೆ ಬಿಟ್ಟಿತ್ತು. ಕೂಗಿದರೆ ನಾಯಿ ಮಾತ್ರ ತಿರುಗಿ ನೋಡುತ್ತಿತ್ತು. ಹಾಗಾಗಿ ಕಾಕಾ ಉದಗೀರಕ್ಕೆ ಹೋಗಿ ಹನ್ನೆರಡು ಅಗ್ಗದ ಸೆಟ್ಟು ತಂದರು. ಹನ್ನೊಂದನ್ನು ನಮ್ಮ ಸಾಲಿನ ಮನೆಗಳಿಗೆ ಹಂಚಿ, ಒಂದನ್ನು ತಾವಿಟ್ಟುಕೊಂಡರು. ಯಾವ ಚಾನಲ್ಲಿನಲ್ಲಿ ಮಾತಾಡಬೇಕೆಂಬುದನ್ನು ಅವಕ್ಕೆ ಕಂಪ್ಯೂಟರಿನಿಂದ ತುಂಬಬೇಕು. ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ. ಕೇಬಲ್ಲನ್ನು ಶಿವದಾರದ ಹಾಗೆ ಕೊರಳಿಗೆ ಹಾಕಿಕೊಂಡು ಕಾಕಾ ಬಂದುಬಿಡುತ್ತಿದ್ದರು.

ಅತ್ತೆ ಬಿಡುತ್ತಿರಲಿಲ್ಲ. "ಮನಿಗಿ ನಾಕು ಮೊಬೈಲ್ ಅದಾವ. ಈ ಡಬ್ಬಿ ಯಾಕ್ರಿ ಭಾವಾ?"

"ಮೊಬೈಲಿಗಿ ಟವರ್ ಬೇಕು ವೈನಿ. ಟವರೇ ಬಿದ್ರ?"

"ಬೀಳ್ಲಿ ಬಿಡ್ರಿ, ನಮ್ಮ ಸೊಸಿ ತವರಿಗಿ ಫೋನ್ ಹಚ್ಚೋದಾದ್ರೂ ನಿಲ್ತದ."

ದಿನಾ ದೀಪ ಹಚ್ಚುವ ಹೊತ್ತಿಗೆ ಸೆಟ್ಟಿನಲ್ಲಿ ಕಾಕಾನ ಹಾಜರಿ. ಒಂದೊಂದೇ ಮನೆಯನ್ನು ಕರೆಯುತ್ತಿದ್ದರು. ಆ ಮನೆಯವರು "ಅದೀವ್ರಿ" ಎನ್ನಬೇಕು. ಚಾರ್ಜಿಗೆ ಹಚ್ಚಲು ಮರೆತ ಮನೆ ಸುಮ್ಮನಿದ್ದರೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಹೋಗಿ ಬೈಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಮುಖ ನೋಡಿ ತಿರುಗುತ್ತಿದ್ದರು.

ಕಂಪ್ಯೂಟರಿನಿಂದ ಸೆಟ್ಟಿಗೆ ಚಾನಲ್ ತುಂಬುವ ಕೆಲಸವನ್ನು ನನಗೂ ಕಲಿಸಿದರು. "ಮೊದಲು ಸೆಟ್ಟಿನಾಗ ಏನದ ಓದಿಕೋ, ಆಮ್ಯಾಲ ಬರಿ. ಬರದ ಮ್ಯಾಲ ಎರಡು ಸೆಟ್ಟು ಒಂದಕ್ಕೊಂದು ಮಾತಾಡಿಸಿ ನೋಡು." ನಾನು ಬೇಗ ಕಲಿತೆ. ಬೇಗ ಕಲಿತದ್ದೇ ತಪ್ಪಾಯಿತು.

ಕಬ್ಬು ಕಡಿಯುವ ಕಾಲ. ಟ್ರ್ಯಾಕ್ಟರಿನವರ ಕೈಯಲ್ಲೂ ಇಂಥವೇ ಸೆಟ್ಟು, ಅವರ ಬೈಗುಳವೆಲ್ಲ ನಮ್ಮ ಚಾನಲ್ಲಿಗೆ ಬರತೊಡಗಿತ್ತು. ಕಾಕಾ ತಮ್ಮ ಸೆಟ್ಟನ್ನು ನಮ್ಮಲ್ಲಿ ಬಿಟ್ಟು ನಿಲಂಗಾದಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಸರಿಮಾಡಿ ಭೇಷ್ ಎನ್ನಿಸಿಕೊಳ್ಳೋಣವೆಂದು ಹನ್ನೆರಡೂ ಸೆಟ್ಟು ಕೂಡಿಹಾಕಿದೆ. ಟೋನ್ ಅಂತ ಒಂದಿರುತ್ತದೆ, ಕಿವಿಗೆ ಕೇಳಿಸದ ಗುರುತು. ಆ ಗುರುತು ಹೊತ್ತು ಬಂದ ಮಾತನ್ನಷ್ಟೇ ಸೆಟ್ಟು ಕೇಳಿಸುತ್ತದೆ. ಕೇಳುವ ಕಡೆ ಅದನ್ನು ಹಾಕಿದೆ. ಆಡುವ ಕಡೆ ಹಾಕಲು ಮರೆತೆ. ಅದೇ ಫೈಲನ್ನು ಹನ್ನೆರಡಕ್ಕೂ ಬರೆದೆ. ರೊಟ್ಟಿಯ ಹೊತ್ತಾಗಿತ್ತು. ಮಾತಾಡಿಸಿ ನೋಡದೆ ಹಂಚಿ ಬಂದೆ. ಕಾಕಾನ ಸೆಟ್ಟನ್ನು ಅವರ ಬಾಗಿಲಿನ ಮೊಳೆಗೆ ತೂಗುಹಾಕಿದೆ.

ಆ ಸಂಜೆ ನಮ್ಮ ಸೆಟ್ಟು ಸುಮ್ಮನಿತ್ತು. ಕಾಕಾ ಬರುವ ಬಸ್ಸು ತಡವಾಗಿರಬೇಕು ಅಂದುಕೊಂಡೆ.

ಕಾಕಾ ಬಂದು ಬಾಗಿಲಲ್ಲಿ ನಿಂತಾಗ ಮೈಮೇಲೆ ಬನಿಯನ್ನಷ್ಟೇ ಇತ್ತು. ಕಾಲಲ್ಲಿ ಚಪ್ಪಲಿಯಿಲ್ಲ, ಮೊಣಕಾಲ ತನಕ ಧೂಳು. ಸಾಲಿನಲ್ಲಿ ನಮ್ಮದೇ ಕೊನೆಯ ಮನೆ, ಉಳಿದ ಹತ್ತೂ ಬಾಗಿಲಿಗೆ ಹೋಗಿ ಬಂದಿದ್ದರು. ಸೆಟ್ಟಿನ ಗುಂಡಿಯನ್ನು ಇನ್ನೂ ಒತ್ತಿಯೇ ಹಿಡಿದಿದ್ದರು.

"ಅದೀರೇನ್?"

"ಅದೀವ್ರಿ ಕಾಕಾ."

ಅತ್ತೆಯನ್ನು, ನನ್ನ ಗಂಡನನ್ನು, ನನ್ನನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅತ್ತೆ ಎದ್ದು ನೀರು ತಂದಿಟ್ಟರು. ಟೋನಿನ ವಿಷಯ, ಗುರುತಿಲ್ಲದ ಅವರ ಮಾತನ್ನು ಯಾವ ಸೆಟ್ಟೂ ಕೇಳಿಸಿಲ್ಲವೆಂದು, ನಾನೇ ಹೇಳಿದೆ.

"ಬರದ ಮ್ಯಾಲ ಮಾತಾಡಿಸಿ ನೋಡ್ಲಿಲ್ಲೇನು?"

"ಇಲ್ರಿ."

"ಹಾಂ" ಎಂದರು. ನೀರು ಕುಡಿದರು. "ಈಗೇ ತಿದ್ದು."

ನನ್ನ ಗಂಡ ಮನೆಮನೆಗೆ ಹೋಗಿ ಸೆಟ್ಟು ತಂದ. ಹನ್ನೆರಡೂ ತಿದ್ದಿ ಮುಗಿಯುವ ತನಕ ಕಾಕಾ ಪಕ್ಕದಲ್ಲೇ ಕೂತಿದ್ದರು. ಬೈಯಲಿಲ್ಲ, ಕೂತ ಜಾಗದಿಂದ ಅಲುಗಲೇ ಇಲ್ಲ. ಮರುದಿನ ಎಂದಿನಂತೆ ಹಾಜರಿ ಆಯಿತು. ಆ ಮಾತು ಮತ್ತೆಂದೂ ಎತ್ತಲಿಲ್ಲ.

ಹೋದ ಶ್ರಾವಣದಲ್ಲಿ ಕಾಕಾ ಉದಗೀರದ ದವಾಖಾನೆಯಲ್ಲಿ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಮೂರನೆಯ ದಿನ ಅವರ ಮಗಳು ಬಟ್ಟೆಬರೆ ತೆಗೆದಿಡುತ್ತಿದ್ದಾಗ ಹೋಗಿ ಕೂತೆ. ಸುಮ್ಮನಿರಲಾಗದೆ ಆ ಸಂಜೆಯ ತಪ್ಪನ್ನೆಲ್ಲ ಹೇಳಿಬಿಟ್ಟೆ. ಆಕೆ ಕೈಕೆಲಸ ನಿಲ್ಲಿಸದೆ ಕೇಳಿಸಿಕೊಂಡಳು.

"ಅವ್ವ ಕಲ್ಲಿನ ಬುಡಕ ಮಧ್ಯಾಹ್ನದ ತನಕ ಜೀವ ಇದ್ಲು," ಎಂದಳು. "ಅಪ್ಪ ಹೊರಗಿಂದ ಕೂಗೋದು, ಆಕಿ ಒಳಗಿಂದ ಓ ಅನ್ನೋದು. ಆಮ್ಯಾಲ ಅನ್ಲಿಲ್ಲ. ಅಪ್ಪ ನನಗ ಒಂದೇ ಸಲ ಹೇಳಿದ್ದ."

ಕೈಯಲ್ಲಿದ್ದ ಬನಿಯನ್ನನ್ನು ಮಡಚಿ ಗಂಟಿಗೆ ಹಾಕಿದಳು.

"ನಿನ್ನ ಮ್ಯಾಲ ಸಿಟ್ಟಿಗೆದ್ದಿದ್ನೇನು?"

"ಇಲ್ಲ. ಈಗೇ ತಿದ್ದು ಅಂದ್ರು."

"ಹಂಗಾದ್ರ ಆಯ್ತು ಬಿಡು" ಎಂದು ಅವರದೊಂದು ಧೋತರ ಕೊಡವಿದಳು. ಒಬ್ಬರೇ ಮಡಚಲಾಗದಷ್ಟು ಉದ್ದವಿತ್ತು. ನಾನೆದ್ದು ಇನ್ನೊಂದು ತುದಿ ಹಿಡಿದೆ.