ವಾಚು ಯಾವ ಕೈಗೆ

ನಾನು ನಿವೃತ್ತಳಾದ ಮೇಲೆ ನಮ್ಮ ಯಜಮಾನರಿಗೆ ಒಂದು ದೊಡ್ಡ ವಾಚು ಕೊಡಿಸಬೇಕೆಂದು ನಮ್ಮಿಬ್ಬರ ನಡುವೆ ಎಷ್ಟೋ ವರ್ಷಗಳ ಹಿಂದೆಯೇ ಮಾತಾಗಿತ್ತು. ದೊಡ್ಡದು ಅಂದರೆ ಗಾತ್ರದಲ್ಲಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮಾಡಿದ್ದು, ಹಿಂಬದಿಯ ಗಾಜಿನಿಂದ ಒಳಗಿನ ಚಕ್ರಗಳು ಕಾಣುವಂಥದ್ದು. ಹಿಂದೆ ಯಾವಾಗಲೋ ಕುರಿ ಕೊಳ್ಳಲು ಬಂದಿದ್ದ ಹೈದರಾಬಾದಿನ ಸೇಠ್ ಒಬ್ಬರು ಅಂಥದೊಂದನ್ನು ಬಿಚ್ಚಿ ಇವರ ಕಿವಿಗೆ ಹಿಡಿದಿದ್ದರಂತೆ. ಅಂದು ಹಿಡಿದ ಹುಚ್ಚು ಬಿಡಲೇ ಇಲ್ಲ. ಇವರು ಕುರಿ ದಲ್ಲಾಳಿ. ಬಿಸಿಲು ನೋಡಿ ಹೊತ್ತು ಹೇಳುವ ಮನುಷ್ಯನಿಗೆ ವಾಚು ಯಾಕೆ ಎಂದು ನಾನು ಕೆಣಕುತ್ತಿದ್ದೆ.

"ಟೈಮ್ ನೋಡಾಕಂತ ಯಾರು ಹೇಳಿದ್ರು? ಅದಕ್ಕ ನೀ ಅದೀಯಲ್ಲ, ಟೀಚರಮ್ಮ" ಎನ್ನುತ್ತಿದ್ದರು.

ನಾನು ಆಂಧ್ರದ ಗಡಿಯ ಆಲೂರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು. ಇವರು ನನ್ನ ತಾಯಿಯ ಕೊನೆಯ ತಮ್ಮ, ನನಗೆ ಸೋದರಮಾವ. ಮದುವೆಯಾದ ಮೇಲೂ ನಾನು ಕರೆಯುವುದು ಮಾವ ಅಂತಲೇ. ಶಾಲೆಯಲ್ಲಿ ಹೊಸದಾಗಿ ಬಂದ ಟೀಚರುಗಳು ಇದನ್ನು ಕೇಳಿ ನಗುತ್ತಿದ್ದರು. ನಗಲಿ ಬಿಡಿ, ಚಡ್ಡಿ ಹಾಕಿಕೊಂಡು ನನ್ನನ್ನು ಎತ್ತಿಕೊಂಡು ತಿರುಗಿದವರನ್ನು ಈಗ ರೀ, ರೀ ಎಂದು ಕರೆದರೆ ನನಗೇ ನಗು ಬರುತ್ತದೆ.

ನನಗೆ ನಿವೃತ್ತಿಯಾಯಿತು. ಅದರ ಬೆನ್ನಿಗೇ ಮಾವನಿಗೆ ಲಕ್ವ ಹೊಡೆಯಿತು. ಪೆದ್ದಕಡುಬೂರಿನ ಸಂತೆಯಿಂದ ಬರುವಾಗ ಆಟೋದಲ್ಲೇ ಎಡಭಾಗ ಬಿದ್ದುಹೋಗಿತ್ತು. ಮಾತು ಮೊದಲು ತೊದಲಿ ಆಮೇಲೆ ಸರಿಹೋಯಿತು. ಕಾಲು ಎಳೆದುಕೊಂಡಾದರೂ ನಡೆಯತೊಡಗಿತು. ಎಡಗೈ ಮಾತ್ರ ಮಡಿಲಲ್ಲಿ ಹಾಗೇ ಮಲಗಿರುತ್ತದೆ.

ಈಗ ವಾಚು ಕೊಳ್ಳುವುದೋ, ಕಾಯುವುದೋ? ಹೊರಗಿನವರಿಗೆ ಇದು ಒಂದು ಪ್ರಶ್ನೆಯೇ ಅಲ್ಲ. ನನ್ನ ತಲೆಯನ್ನು ಮಾತ್ರ ಇದು ಹುರಿದು ತಿಂದಿತು.

ಕಾರಣ ಹೇಳುತ್ತೇನೆ. ನಮ್ಮ ಕಡೆಯ ಸಂತೆಗಳಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಕೈಹಿಡಿದುಕೊಂಡು ಮೇಲೊಂದು ಟವೆಲ್ ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ವ್ಯಾಪಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಆ ಕೆಲಸ ಬಲಗೈಯದು. ಆ ಕೈಯಲ್ಲಿ ಉಂಗುರವಾಗಲಿ ದಾರವಾಗಲಿ ಇದ್ದರೆ ಎದುರಿನವನ ಬೆರಳಿಗೆ ಅಡ್ಡ ಬರುತ್ತದೆ, ಲೆಕ್ಕ ತಪ್ಪುತ್ತದೆ ಎನ್ನುವುದು ಮಾವನ ನಂಬಿಕೆ. ಎಲ್ಲ ದಲ್ಲಾಳಿಗಳೂ ಹೀಗೆಯೋ, ಇವರೊಬ್ಬರ ಹಠವೋ ನನಗೆ ಗೊತ್ತಿಲ್ಲ. ಗುಡಿಯಲ್ಲಿ ಪೂಜಾರಿ ದಾರ ಕಟ್ಟಲು ಬಂದರೆ ಇವರು ಎಡಗೈಯನ್ನೇ ಚಾಚುವರು. ಪೂಜಾರಿ ಗೊಣಗುವನು. ನಮ್ಮ ಮದುವೆಯ ಕಂಕಣವನ್ನು ಸಹ ಮುಂದಿನ ಸಂತೆಯ ಹೊತ್ತಿಗೆ ಬಿಚ್ಚಿಸಿಕೊಂಡು ನಮ್ಮಜ್ಜಿಯ ಕೈಲಿ ಬೈಸಿಕೊಂಡಿದ್ದರು.

ಹಾಗಾಗಿ ವಾಚು ಎಡಗೈಗೇ. ಆ ಎಡಗೈ ಹೀಗಾಯಿತು.

ಮೊದಲ ಸಲ ನಾನೊಬ್ಬಳೇ ಆದೋನಿಗೆ ಹೋಗಿ ವಿಚಾರಿಸಿದೆ. ಅಂಗಡಿಯವರು ತಲೆ ನರೆತ ಗೃಹಸ್ಥರು. ಅಂಥ ವಾಚನ್ನು ಹೈದರಾಬಾದಿನಿಂದ ತರಿಸಿಕೊಡುತ್ತೇನೆ, ಬೇಡವಾದರೆ ವಾಪಸು ಕಳಿಸುತ್ತೇನೆ ಎಂದರು. ಫೋನಿನಲ್ಲಿ ಚಿತ್ರ ತೋರಿಸುತ್ತ, ಇದಕ್ಕೆ ಬ್ಯಾಟರಿ ಇಲ್ಲ, ಕೈ ಆಡುತ್ತಿದ್ದರೆ ತಾನಾಗಿಯೇ ಓಡುತ್ತದೆ ಎಂದು ಹೆಮ್ಮೆಯಿಂದ ಹೇಳಿದರು.

"ಕೈ ಆಡದಿದ್ದರೆ?" ಎಂದೆ.

"ನಿಂತ್ ಹೋಗ್ತೈತ್ರಿ" ಎಂದು ನಕ್ಕರು. ಪಾಪ, ಅವರಿಗೇನು ಗೊತ್ತು. ನನಗೆ ಅಳು ಉಕ್ಕಿ ಬಂತು. ಆಮೇಲೆ ಬರುತ್ತೇನೆಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಸಲಹೆಗಳ ಜಾತ್ರೆ. ಬಳ್ಳಾರಿಯಲ್ಲಿರುವ ಮಗಳು ಫೋನಿನಲ್ಲಿ "ಈಗs ತಗೋಬೇ, ಮುಂದ ರೇಟ್ ಏರತೈತಿ" ಎಂದಳು. ಎರಡು ದಿನ ಬಿಟ್ಟು ಅವಳೇ "ದಸರಾಕ್ಕ ಆಫರ್ ಬರತೈತಂತ, ತಡಿ" ಎಂದಳು. ಬ್ಯಾಟರಿಯದ್ದು ತಗೊಂಡರೆ ಕೈ ಆಡಲಿ ಬಿಡಲಿ ಓಡುತ್ತದಲ್ಲ ಎಂದು ಅವಳು ಅಂದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬ್ಯಾಟರಿ ವಾಚಿಗೆ ಯಾರಾದರೂ ಇಷ್ಟು ವರ್ಷ ಆಸೆಪಡುತ್ತಾರೆಯೇ? ಆಸ್ಪರಿಯ ಅತ್ತಿಗೆ ಬಂದವರು ಆಷಾಢದಲ್ಲಿ ಏನೂ ಕೊಳ್ಳಬಾರದು ಎಂದರು. ಕೈಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ ಮಾತ್ರ "ಮೇಡಂ, ಚಲನೆ ಬರಬಹುದು, ಬರದೆಯೂ ಇರಬಹುದು" ಎಂದಳು. ಅವಳೊಬ್ಬಳೇ ನಿಜ ಹೇಳಿದ್ದು. ಆ ನಿಜದಿಂದ ನನಗೆ ನಯಾಪೈಸೆಯ ಉಪಯೋಗವಾಗಲಿಲ್ಲ.

ಈಗ ಕೊಂಡರೆ, ಇವಳು ನನ್ನ ಕೈ ಬರುವುದಿಲ್ಲವೆಂದು ತೀರ್ಮಾನಿಸಿಬಿಟ್ಟಳು, ಬದುಕಿರುವಾಗಲೇ ನನ್ನ ಆಸೆ ತೀರಿಸುತ್ತಿದ್ದಾಳೆ ಎಂದು ಮಾವ ಅಂದುಕೊಂಡಾರು. ಕೊಳ್ಳದೆ ಕಾದರೆ, ಇನ್ನು ಇವನಿಗೆ ವಾಚು ಯಾಕೆಂದು ಸುಮ್ಮನಾದಳು ಎಂದುಕೊಂಡಾರು. ಅವರನ್ನೇ ಕೇಳೋಣವೆಂದರೆ ಒಂದು ದಿನ "ಈಗ ಬ್ಯಾಡ ಬಿಡು" ಎನ್ನುವರು, ಇನ್ನೊಂದು ದಿನ "ತಗೊಂಡ್ ಬಿಡೋಣೇನು?" ಎನ್ನುವರು. ಹೇಳುವಾಗ ನನ್ನ ಮುಖವನ್ನೇ ನೋಡುವರು. ನಾನು ಏನು ಮುಖ ಮಾಡಬೇಕೆಂದು ತಿಳಿಯದೆ ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಸರಿ ತಪ್ಪು ಗೀಚಿ ಬಂದವಳಿಗೆ ಒಂದು ವಾಚಿನ ವಿಷಯದಲ್ಲಿ ಯಾವುದು ಸರಿ ಎಂದು ತೋಚಲಿಲ್ಲ.

ಕೊನೆಗೆ ಅಂಗಡಿಯವರೇ ಫೋನ್ ಮಾಡಿದರು. ಬೇರೆ ಗಿರಾಕಿಗೆಂದು ತರಿಸಿದ್ದ ಒಂದು ವಾಚು ಅವರಿಗೆ ಬೇಡವಾಗಿದೆ, ವಾಪಸು ಕಳಿಸಬೇಕು, ನೋಡುವುದಿದ್ದರೆ ಈಗಲೇ ಬನ್ನಿ ಎಂದರು. ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಮಾವ "ನೋಡಾಕ ರೊಕ್ಕ ಕೊಡಬೇಕೇನು? ನಡಿ" ಎಂದು ಎದ್ದುನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿಕೊಂಡರು. ಎಡತೋಳು ತೂರಿಸುವಾಗ ನಾನು ಗಡಿಬಿಡಿ ಮಾಡಿದ್ದಕ್ಕೆ "ಕುರಿ ಉಣ್ಣೆ ಕತ್ತರಿಸಾಕತ್ತೀಯೇನು, ಮೆಲ್ಲಕ" ಎಂದು ಗದರಿದರು.

ಅಂಗಡಿಯಲ್ಲಿ ನೀಲಿ ಬಟ್ಟೆಯ ಮೇಲೆ ವಾಚನ್ನಿಟ್ಟರು. ಮಾವ ಅದನ್ನು ಬಲಗೈಯಲ್ಲಿ ಎತ್ತಿ ಕಿವಿಗೆ ಹಿಡಿದು ಕಣ್ಣು ಮುಚ್ಚಿಕೊಂಡರು. ಮೊದಲ ಕುರಿ ಮಾರಿದ ಹುಡುಗನ ಹಾಗೆ ಮುಖವೆಲ್ಲ ಅರಳಿತು. ಲಕ್ವ ಹೊಡೆದ ಮೇಲೆ ಆ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಕೊಂಡೇಬಿಡಬೇಕು ಎಂದುಕೊಂಡೆ.

"ಏ ಚೇತಿಕಿ ಅಮ್ಮಾ?" ಎಂದು ಅಂಗಡಿಯವರು ತೆಲುಗಿನಲ್ಲಿ ಕೇಳಿದರು. ಯಾವ ಕೈಗೆ ಎಂದು ಅವರು ನನ್ನನ್ನು ಯಾಕೆ ಕೇಳಿದರೋ. ಮಡಿಲಲ್ಲಿದ್ದ ಎಡಗೈಯನ್ನು ನಾನೇ ಎತ್ತಿ ಕೌಂಟರಿನ ಗಾಜಿನ ಮೇಲೆ ಇಡಲು ಹೋದೆ. ಅಷ್ಟರಲ್ಲಿ ಮಾವ ವಾಚನ್ನು ಅಂಗಡಿಯವರ ಕೈಗಿತ್ತು ಬಲಗೈಯನ್ನೇ ಅವರ ಮುಂದೆ ಚಾಚಿದರು.

ಬಲಗೈ! ಟವೆಲ್ಲಿನ ಕೆಳಗೆ ಬೆಲೆ ಹೇಳುವ ಕೈ.

"ಬ್ಯಾಡ ಮಾವ, ಈಗ ಬ್ಯಾಡ" ಎಂದೆ. ಅಂಗಡಿಯವರ ಎದುರಿಗೇ ನನ್ನ ದನಿ ಏರಿತು. "ದಸರಾ ಆಗ್ಲಿ. ಕೈ ಬರತೈತಿ. ಆ ಹುಡುಗಿ ಹೇಳ್ಯಾಳ, ಬರಬಹುದಂತ. ಬಲಗೈಗಿ ಕಟ್ಟಿಕೊಂಡ್ರ ನಾಳೆ ಸಂತ್ಯಾಗ ಏನ್ ಮಾಡ್ತೀರಿ?"

ಅಂಗಡಿಯವರು ವಾಚು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಮಾವ ಚಾಚಿದ ಕೈ ತೆಗೆಯಲಿಲ್ಲ.

"ಇನ್ನ ನಾ ಸಂತಿಗಿ ಹೋಗಂಗಿಲ್ಲ" ಎಂದರು. "ಈ ಕೈ ಬರಂಗಿಲ್ಲ, ಈ ಕಾಲಿಗಿ ಸಂತಿ ಆಗಂಗಿಲ್ಲ ಅಂತ ದವಾಖಾನಿಯಿಂದ ಬಂದ ದಿನಾನs ನನಗ ತಿಳಿದಿತ್ತು. ನಿನಗ ಹೆಂಗ ಹೇಳಬೇಕಂತ ತಿಳಿವಲ್ದಾಗಿತ್ತು. ಒಂದ್ ದಿನ ಬ್ಯಾಡ ಅಂದೆ, ಒಂದ್ ದಿನ ತಗೊಳ್ಳೋಣ ಅಂದೆ. ಎರಡಕ್ಕೂ ನೀ ಎದ್ದು ಅಡಿಗಿಮನಿಗಿ ಹೊಂಟ್ ಹೋಗ್ತಿದ್ದಿ."

ಇಷ್ಟು ದಿನ ಅವರಿಗೆ ನೋವಾಗದಿರಲಿ ಎಂದು ನಾನು ತೂಗಿ ತೂಗಿ ನೋಡುತ್ತಿದ್ದೆ ಅಂದುಕೊಂಡಿದ್ದೆ. ಅವರಿಗೆ ಗೊತ್ತಿರುವುದು ನನಗೆ ಗೊತ್ತಾಗಬಾರದೆಂದು ಓಡಿಹೋಗುತ್ತಿದ್ದವಳು ನಾನೇ.

"ಹಾಕ್ರಿ" ಎಂದು ಮಾವ ಅಂಗಡಿಯವರಿಗೆ ಹೇಳಿದರು.

ಅಂಗಡಿಯವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಮದುವೆಯ ಕಂಕಣ ಬಿಚ್ಚಿದಾಗಿನಿಂದ ಬರಿದಾಗಿಯೇ ನೋಡಿದ್ದ ಆ ಮಣಿಕಟ್ಟಿನ ಮೇಲೆ ಅವರು ಪಟ್ಟಿ ಸುತ್ತಿ ಕೊಕ್ಕೆ ಹಾಕಿದರು. ಮಾವ ಕೈಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿದರು. ಪಟ್ಟಿ ಸ್ವಲ್ಪ ಸಡಿಲವಾಗಿದೆ, ಒಂದು ಕೊಂಡಿ ತೆಗೆಯಿರಿ ಎಂದರು. ನಾನು ಕಣ್ಣೊರೆಸಿಕೊಂಡು ಬ್ಯಾಗಿನಲ್ಲಿ ಕಾರ್ಡು ಹುಡುಕತೊಡಗಿದೆ.