ರಾಮನವಮಿಯ ದಿನದ ಓಟ

ಡಾಂಬರಿನ ವಾಸನೆ ಮೂಗಿಗೆ ಬಡಿದರೆ ನನ್ನ ಬಾಯಲ್ಲಿ ಬೆಲ್ಲದ ರುಚಿ ಹುಟ್ಟುತ್ತದೆ. ಹೇಳಿದರೆ ಮನೆಯವರು ನಗುತ್ತಾರೆ. ಮೊನ್ನೆ ನಮ್ಮ ಬೀದಿಗೆ ಹೊಸದಾಗಿ ಡಾಂಬರು ಹಾಕುತ್ತಿದ್ದಾಗ ಎಲ್ಲರೂ ಮೂಗು ಮುಚ್ಚಿಕೊಂಡು ಕಿಟಕಿ ಎಳೆದುಕೊಂಡರೆ, ನಾನೊಬ್ಬಳು ಗೇಟಿನ ಹತ್ತಿರ ಹೋಗಿ ನಿಂತಿದ್ದೆ. ಕಾದ ರಸ್ತೆ, ಅದರ ಮೇಲೆ ನಡುಗುವ ಬಿಸಿಗಾಳಿ, ಎಲ್ಲಿಂದಲೋ ತೇಲಿ ಬಂದ ಹೊಂಗೆ ಹೂವಿನ ಘಮ. ಅಷ್ಟು ಸಾಕಾಯಿತು. ಐವತ್ತು ದಾಟಿದ ಹೆಂಗಸು ನಿಂತಲ್ಲೇ ಹನ್ನೆರಡು ವರ್ಷದವಳಾಗಿ, ಕಾಮಾಕ್ಷಿಪಾಳ್ಯದ ಹಳೆಯ ಮನೆಯ ಮುಂದೆ, ಶಾಲೆಯ ನೀಲಿ ಸ್ಕರ್ಟು ತೊಟ್ಟು ಏದುಸಿರು ಬಿಡುತ್ತಿದ್ದೆ. ಇಂಥ ಹೊತ್ತಿನಲ್ಲಿ ಯಾರಾದರೂ ಮಾತನಾಡಿಸಿದರೆ ನನಗೆ ಸಿಟ್ಟು ಬರುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಾಲು ಸಾಲು ಲೇತ್ ವರ್ಕ್‌ಶಾಪುಗಳು, ಅವುಗಳ ನಡುವೆ ಸಿಕ್ಕಿಕೊಂಡಂತೆ ನಮ್ಮ ಹೆಂಚಿನ ಮನೆ. ಮುಂದೆ ಉದ್ದನೆಯ ಜಗಲಿ, ಮೂರು ಮೆಟ್ಟಿಲು, ಗೇಟಿನ ಪಕ್ಕ ಒಂದು ಹೊಂಗೆ ಮರ. ಬೆಳಗ್ಗೆ ಶುರುವಾದ ಲೇತುಗಳ ಕಿರ್ರೆನ್ನುವ ಸದ್ದು ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಇಡೀ ಬೀದಿ ಒಮ್ಮೆಲೇ ಸುಮ್ಮನಾಗಿ, ಮರದ ಮೇಲಿನ ಅಳಿಲಿನ ದನಿ ಕೇಳಿಸುತ್ತಿತ್ತು. ಆ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಅಪ್ಪನ ತಮ್ಮ ನಾಗು ಚಿಕ್ಕಪ್ಪ, ಮತ್ತು ನಮ್ಮೆಲ್ಲರ ಮೇಲೆ ದರ್ಬಾರು ನಡೆಸುತ್ತಿದ್ದ ಅಜ್ಜಿ, ಅಪ್ಪ ಚಿಕ್ಕಪ್ಪರ ತಾಯಿ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಸಾಕು, "ಕಣ್ಣಿಗೆ ಕತ್ತಿ ಹಾಕಿಸ್ಕೊಳ್ಳೋಕೆ ನನಗೇನು ಹುಚ್ಚಾ?" ಎಂದು ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು. ಬಿಸಿಲು, ನೆರಳು, ಎದುರಿಗೆ ಬಂದವರ ಆಕಾರ, ಇಷ್ಟು ಅವಳಿಗೆ ಕಾಣುತ್ತಿತ್ತು. ಉಳಿದದ್ದನ್ನೆಲ್ಲ ಕಿವಿಯಿಂದಲೇ ತಿಳಿದುಕೊಳ್ಳುತ್ತಿದ್ದಳು. ಕಾಲು ಎಳೆಯುತ್ತ ಬಂದವನು ನಮ್ಮಪ್ಪ, ಬರಿಗಾಲಲ್ಲಿ ಮೂರು ಮೆಟ್ಟಿಲನ್ನೂ ಒಂದೇ ನೆಗೆತಕ್ಕೆ ಹಾರಿ ಬಂದವನು ಚಿಕ್ಕಪ್ಪ, ಸದ್ದೇ ಇಲ್ಲದೆ ಬಂದವಳು ಏನೋ ಕಿತಾಪತಿ ಮಾಡಿದ ನಾನು. ಅವಳ ಲೆಕ್ಕ ತಪ್ಪಿದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ.

ಚಿಕ್ಕಪ್ಪನಿಗೆ ಆಗ ಇಪ್ಪತ್ತೆರಡು. ಎರಡು ಮನೆ ಆಚೆಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ, ಮೈಯೆಲ್ಲ ಎಣ್ಣೆಯ ವಾಸನೆ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕಪ್ಪು. ಆದರೆ ಅವನು ಓಡುವುದನ್ನು ನೀವು ನೋಡಬೇಕಿತ್ತು. ನೆಲವನ್ನು ಮುಟ್ಟಬೇಕೋ ಬೇಡವೋ ಎಂದು ಪ್ರತಿ ಹೆಜ್ಜೆಗೂ ಯೋಚಿಸುತ್ತಿದ್ದವನಂತೆ ಓಡುತ್ತಿದ್ದ. ಹಿಂದಿನ ವರ್ಷ ಅವನಿಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದ. ಎದ್ದ ದಿನವೇ ಅಜ್ಜಿ, ಇನ್ನು ಓಟ ಗೀಟ ಇಲ್ಲ ಎಂದು ತನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡಿದ್ದಳು. ಅವನು ಆಣೆ ಮಾಡಿದ, ಒಂದು ತಿಂಗಳು ಸುಮ್ಮನಿದ್ದ, ಆಮೇಲೆ ಹಾಲು ತರುವ ನೆಪದಲ್ಲಿ ಮುಂಜಾನೆ ಹೆಗ್ಗನಹಳ್ಳಿಯ ಕಡೆಗೆ ಓಡಿ ಬರಲು ಶುರು ಮಾಡಿದ. ಹಾಲಿನ ಕ್ಯಾನು ಹಿಡಿದು ಹಿಂದೆ ಓಡುತ್ತಿದ್ದವಳು ನಾನು. ಹೀಗೆ ನಾನೂ ಕಳ್ಳಿಯಾದೆ.

ಆ ವರ್ಷ ನಮ್ಮ ಬಡಾವಣೆಯ ಯುವಕರ ಸಂಘದವರು ರಾಮನವಮಿಗೆ ರಸ್ತೆ ಓಟ ಇಟ್ಟರು. ಎರಡು ಸುತ್ತು, ಹೆಚ್ಚು ಕಡಿಮೆ ಮೂರು ಮೈಲಿ. ವಯಸ್ಸಿನ ಕಟ್ಟುಪಾಡಿಲ್ಲ, ಯಾರು ಬೇಕಾದರೂ ಓಡಬಹುದು. ದೊಡ್ಡ ಕಾರ್ಖಾನೆಯೊಂದರ ಕ್ರೀಡಾ ಅಧಿಕಾರಿ ಮುಖ್ಯ ಅತಿಥಿಯಾಗಿ ಬರುತ್ತಾರೆ, ಮೊದಲು ಬಂದ ಇಬ್ಬರನ್ನು ತಮ್ಮ ತಂಡಕ್ಕೆ ಕರೆಯುತ್ತಾರೆ ಎಂದು ಸುದ್ದಿ. ತಂಡ ಎಂದರೆ ಕಾರ್ಖಾನೆಯಲ್ಲೇ ಕೆಲಸ. ಯೂನಿಫಾರ್ಮು, ಕ್ಯಾಂಟೀನಿನ ಊಟ, ಮನೆಯ ತಿರುವಿಗೇ ಬಂದು ನಿಲ್ಲುವ ಬಸ್ಸು. ಆ ಬಸ್ಸು ಹೋಗುವಾಗ ಚಿಕ್ಕಪ್ಪ ಲೇತು ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದುದನ್ನು ನಾನು ಬಹಳ ಸಲ ಕಂಡಿದ್ದೆ. "ಅದೊಂದು ಸಿಕ್ಬಿಟ್ರೆ ಸಾಕು ಕಣೇ ಸುಧಾ, ಆಮೇಲೆ ನಾನು ದೇವರ ಹತ್ರ ಏನೂ ಕೇಳಲ್ಲ" ಎಂದಿದ್ದ ನನ್ನೊಡನೆ. ಅಜ್ಜಿಗೆ ಮಾತ್ರ, ರಾಮಮಂದಿರದ ಪೆಂಡಾಲಿನಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚಲು ಹೋಗುತ್ತೇನೆ ಎಂದು ಹೇಳಿದ. ನಾನೂ ಅದೇ ಸೌತೆಕಾಯಿಯ ಹೆಸರು ಹೇಳಿ ಅವನ ಹಿಂದೆಯೇ ಹೊರಟೆ.

ಇಲ್ಲಿ ಅಜ್ಜಿಯ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ರಾಮನವಮಿಯ ದಿನ ಅವಳು ಬೆಳಗಿನಿಂದ ಮಡಿಯಲ್ಲಿದ್ದು, ಹನಿ ನೀರೂ ಮುಟ್ಟದೆ, ಬೆಲ್ಲ, ಏಲಕ್ಕಿ, ಶುಂಠಿ, ಕರಬೂಜದ ಹಣ್ಣು ಹಾಕಿ ಪಾನಕ ಮಾಡುತ್ತಿದ್ದಳು. ಪೂಜೆಯಾದ ಮೇಲೆ ಮೊದಲ ಪಾನಕ ದಾರಿಯಲ್ಲಿ ಹೋಗುವ ಪರರಿಗೇ ಸಲ್ಲಬೇಕು. ಅವರು ಕುಡಿದ ಮೇಲೇ ಅವಳ ಉಪವಾಸ ಮುಗಿಯುವುದು, ಮನೆಯವರ ಬಾಯಿಗೆ ಹನಿ ಬೀಳುವುದು. ಅದೂ ಲೋಟದಲ್ಲಿ ಅಲ್ಲ. ಕುಡಿಯುವವರು ಬಾಗಿ ಬೊಗಸೆ ಒಡ್ಡಬೇಕು, ಅವಳು ಮೇಲಿನಿಂದ ತಂಬಿಗೆಯಲ್ಲಿ ಧಾರೆಯಾಗಿ ಹುಯ್ಯಬೇಕು. ಪ್ರತಿ ವರ್ಷ ಬೀದಿಯ ತುಂಬ ಜನ ಓಡಾಡುತ್ತಿದ್ದುದರಿಂದ ಇದೇನೂ ಕಷ್ಟದ ವ್ರತವಾಗಿರಲಿಲ್ಲ. ಆ ವರ್ಷ ಮಾತ್ರ ಸಂಘದ ಮಹಾನುಭಾವರು ಓಟಕ್ಕೆಂದು ಬೀದಿಯ ಎರಡೂ ಕಡೆಗೆ ಹಗ್ಗ ಕಟ್ಟಿ ನರಪಿಳ್ಳೆಯೂ ಒಳಗೆ ಬಾರದ ಹಾಗೆ ಮಾಡಿಬಿಟ್ಟರು. ರಾಮನವಮಿಯ ದಿನ ದಾರಿಹೋಕರಿಗೆ ಅಡ್ಡ ಹಗ್ಗ ಕಟ್ಟುವ ಬುದ್ಧಿ ನಮ್ಮ ಬಡಾವಣೆಯವರಿಗಲ್ಲದೆ ಇನ್ಯಾರಿಗೆ ಹೊಳೆದೀತು?

ಏಳು ಗಂಟೆಗೆ ಎಂದಿದ್ದ ಓಟ, ಅತಿಥಿಗಳು ಬಂದು, ಹಾರ ಹಾಕಿಸಿಕೊಂಡು, ಭಾಷಣ ಮುಗಿಸಿ, ಶುರುವಾದಾಗ ಹತ್ತೂವರೆ ದಾಟಿತ್ತು. ಚಿಕ್ಕಪ್ಪ ಗೆಳೆಯನ ಕ್ಯಾನ್ವಾಸ್ ಶೂ ಕಡ ತಂದು ತೊಟ್ಟಿದ್ದ. ಸೀಟಿ ಊದಿದ್ದೇ ತಡ ಅವನ ಬೆನ್ನು ನನ್ನ ಕಣ್ಣಿಂದ ಮರೆಯಾಯಿತು. ನಾನು ಎಲ್ಲರಿಗಿಂತ ಹಿಂದೆ. ಬಸವೇಶ್ವರನಗರದ ಕಡೆಯ ಖಾಲಿ ಸೈಟುಗಳ ಹತ್ತಿರ ಬರುವಷ್ಟರಲ್ಲಿ ನನ್ನ ಜೊತೆಗೆ ಯಾರೂ ಉಳಿದಿರಲಿಲ್ಲ. ಆ ಬಿಸಿಲನ್ನು ನಾನು ಹೇಗೆ ಹೇಳಲಿ? ಆಕಾಶ ಬೆಳ್ಳಗಾಗಿತ್ತು, ರಸ್ತೆ ದೂರದಲ್ಲಿ ನೀರಿನ ಹಾಗೆ ಮಿನುಗುತ್ತಿತ್ತು, ಹತ್ತಿರ ಹೋದರೆ ಆ ನೀರು ಮುಂದಕ್ಕೆ ಸರಿಯುತ್ತಿತ್ತು. ಹಬ್ಬದ ರಜೆಯಾದ್ದರಿಂದ ಒಂದು ಲೇತೂ ತಿರುಗುತ್ತಿರಲಿಲ್ಲ. ನನ್ನ ಹೆಜ್ಜೆಯ ಸದ್ದು ನನಗೇ ಬೇರೆ ಯಾರದೋ ಎನ್ನಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ದಣಿವೂ ಹೋಯಿತು. ನಿದ್ದೆಯಲ್ಲಿ ಓಡುತ್ತೇವಲ್ಲ, ಎಷ್ಟು ಓಡಿದರೂ ಅಲ್ಲೇ ಇರುತ್ತೇವೆ, ಹಾಗೆ ಓಡುತ್ತಿದ್ದೆ. ಈಗಲೂ ಒಮ್ಮೊಮ್ಮೆ ಮಧ್ಯಾಹ್ನದ ಜೊಂಪಿನಲ್ಲಿ ನಾನು ಆ ರಸ್ತೆಯಲ್ಲೇ ಇರುತ್ತೇನೆ.

ಮೊದಲ ಸುತ್ತಿನ ಕೊನೆಗೆ ನಮ್ಮ ಬೀದಿ. ಮನೆಯಿಂದ ಮುಂದೆ ಒಂದು ಕೂಗಿನ ದೂರದಲ್ಲಿ ಓಟ ಮುಗಿಯುವ ಬಿಳಿ ಗೆರೆ. ತಿರುವಿನಲ್ಲೇ ಅಜ್ಜಿ ಕಂಡಳು. ಗೇಟಿನ ಹತ್ತಿರವಲ್ಲ, ರಸ್ತೆಯ ನಡುವೆ. ಒಬ್ಬರೂ ಗೇಟಿಗೆ ಬಾರದ್ದು ನೋಡಿ ತಾನೇ ಇಳಿದು ಬಂದಿದ್ದಳು. ಕೈಯಲ್ಲಿ ಹಿತ್ತಾಳೆಯ ತಂಬಿಗೆ, ದೇವರ ಪಾನಕವಾದ್ದರಿಂದ ಕಾಲಿಗೆ ಚಪ್ಪಲಿ ಇಲ್ಲ. ಕರಗುತ್ತಿದ್ದ ಡಾಂಬರಿನ ಮೇಲೆ ಒಂದು ಪಾದ ಎತ್ತಿ ಇನ್ನೊಂದರ ಮೇಲೆ ಇಡುತ್ತ, ಮತ್ತೆ ಅದನ್ನು ಬದಲಾಯಿಸುತ್ತ, ಸದ್ದು ಬಂದ ಕಡೆಗೆ ತಂಬಿಗೆ ಒಡ್ಡುತ್ತಿದ್ದಳು. ಮೊದಲ ಸುತ್ತಿನಲ್ಲಿ ಎಲ್ಲರೂ ಅವಳನ್ನು ಬಳಸಿಕೊಂಡು ಓಡಿಹೋಗಿದ್ದರು. ಈಗ ನನ್ನ ಹೆಜ್ಜೆ ಕೇಳಿ, "ಯಾರಮ್ಮಾ, ಒಂದು ಗುಟುಕು ಕುಡ್ಕೊಂಡು ಹೋಗಮ್ಮಾ. ಎಲ್ರೂ ಹೋಗ್ಬಿಟ್ರಲ್ಲಾ" ಎಂದಳು. ಸಿಕ್ಕಿಬಿದ್ದರೆ ಬೈಗುಳ ಎಂದು ನಾನು ಮುಖ ತಿರುಗಿಸಿಕೊಂಡು ರಸ್ತೆಯ ಆ ಬದಿಯಿಂದ ದಾಟಿಬಿಟ್ಟೆ. ಹೌದು, ನನ್ನ ಅಜ್ಜಿಯನ್ನು ನಾನೇ ದಾಟಿ ಹೋದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹತ್ತು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಶೂಗಳ ಸದ್ದು ಬಂತು. ತಿರುಗಿ ನೋಡಿದೆ. ಎರಡನೆಯ ಸುತ್ತು ಮುಗಿಸುತ್ತ ಚಿಕ್ಕಪ್ಪ ಬರುತ್ತಿದ್ದ, ಒಬ್ಬನೇ. ಅವನ ಹಿಂದಿನ ಇಬ್ಬರು ಆಗತಾನೇ ತಿರುವಿನಲ್ಲಿ ಕಾಣಿಸಿಕೊಂಡಿದ್ದರು. ಬಿಳಿ ಗೆರೆಯ ಹತ್ತಿರ ಜನ ಚಪ್ಪಾಳೆ ತಟ್ಟಲು ಶುರು ಮಾಡಿದ್ದರು. ಅಜ್ಜಿ ಆ ಅಪರಿಚಿತ ಶೂಗಳ ಕಡೆಗೆ ತಿರುಗಿ, "ನೀನಾದ್ರೂ ನಿಲ್ಲಪ್ಪಾ" ಎಂದಳು. ದನಿ ಒಣಗಿಹೋಗಿತ್ತು. ಚಿಕ್ಕಪ್ಪನ ಕಣ್ಣು ಅವಳ ಪಾದಗಳ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಅವನು ಅವಳನ್ನು ದಾಟಿದ. ದಾಟಿ ಎರಡು ಹೆಜ್ಜೆ ಹೋದ. ನಿಂತ. ಹಿಂದಿರುಗಿ ಬಂದು, ಒಂದು ಮಾತೂ ಆಡದೆ, ಅವಳ ಎದುರಿಗೆ ಬಾಗಿ ಬೊಗಸೆ ಒಡ್ಡಿದ.

ಆ ಧಾರೆ ಎಷ್ಟು ಹೊತ್ತು ಬಿತ್ತೋ ನನಗೆ ಗೊತ್ತಿಲ್ಲ. ಗಡಿಯಾರದಲ್ಲಿ ಅರ್ಧ ನಿಮಿಷ ಇದ್ದೀತು. ನನ್ನ ನೆನಪಿನಲ್ಲಿ ಅದು ಇನ್ನೂ ಬೀಳುತ್ತಲೇ ಇದೆ. ಅವನ ಬೆರಳುಗಳ ಸಂದಿಯಿಂದ ಸೋರಿ, ಮೊಣಕೈಯಿಂದ ತೊಟ್ಟಿಕ್ಕಿ, ಡಾಂಬರಿನ ಮೇಲೆ ಬಿದ್ದು ಕ್ಷಣದಲ್ಲೇ ಆರುತ್ತಿತ್ತು. "ನಿಧಾನ ಕಣಪ್ಪಾ, ನೆತ್ತಿಗೆ ಹತ್ತೀತು. ಅವಸರ ಯಾಕೆ?" ಎನ್ನುತ್ತಿದ್ದಳು ಅಜ್ಜಿ. ಹಿಂದಿದ್ದ ಇಬ್ಬರೂ ಅವರನ್ನು ದಾಟಿ, ನನ್ನನ್ನೂ ದಾಟಿ ಗೆರೆಯ ಕಡೆಗೆ ಹೋದರು. ನಾನು ರಸ್ತೆಯಲ್ಲೇ ನಿಂತು ಬಿಕ್ಕಿ ಬಿಕ್ಕಿ ಅಳತೊಡಗಿದೆ. ತಂಬಿಗೆ ಬರಿದಾದ ಮೇಲೆ ಅಜ್ಜಿ ಎರಡೂ ಕೈ ಎತ್ತಿ, "ನಿನ್ನ ಹೆತ್ತೋಳ ಹೊಟ್ಟೆ ತಣ್ಣಗಿರ್ಲಪ್ಪಾ" ಎಂದಳು. ಚಿಕ್ಕಪ್ಪ ಒದ್ದೆ ಕೈಗಳನ್ನು ಜೋಡಿಸಿ, ತಲೆ ಬಾಗಿಸಿ, ಮತ್ತೆ ಓಡಿದ. ಅಜ್ಜಿ ತಡವರಿಸುತ್ತ ಹೊಂಗೆಯ ನೆರಳಿಗೆ ಹೋದಳು.

ಮೂರನೆಯ ಬಹುಮಾನ ಒಂದು ಸ್ಟೀಲಿನ ಸೋಪುಡಬ್ಬಿ. ಮೊದಲ ಇಬ್ಬರನ್ನು ಅಧಿಕಾರಿ ಪಕ್ಕಕ್ಕೆ ಕರೆದು ಹೆಸರು, ವಿಳಾಸ ಬರೆದುಕೊಂಡರು. ಚಿಕ್ಕಪ್ಪ ಪೆಂಡಾಲಿನ ಹಿಂದೆ ಕಲ್ಲಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ನಾನು ಹೋಗಿ ಅವನನ್ನು ಬೆನ್ನ ಮೇಲೆ ಗುದ್ದಿದೆ. "ಯಾಕೆ ನಿಂತೆ? ಯಾಕೆ ನಿಂತೆ ನೀನು?"

"ಅಮ್ಮನ ಕಾಲು ನೋಡ್ಲಿಲ್ವೇನೇ?" ಎಂದ ಅವನು. ಬಿಚ್ಚಿದ ಶೂ ಪಕ್ಕಕ್ಕಿಟ್ಟು, "ಮನೇಲಿ ಬಾಯಿ ಬಿಡ್ಬೇಡ, ಆಯ್ತಾ? ಮನೆಯೋನೇ ಕುಡ್ದಿದ್ದು ಅಂತ ಗೊತ್ತಾದ್ರೆ ಉಪವಾಸ ಮುಗೀಲಿಲ್ಲ ಅಂತ ಮತ್ತೆ ಹೋಗಿ ರಸ್ತೇಲಿ ನಿಲ್ತಾಳೆ" ಎಂದ. ಆಮೇಲೆ ಮುಖಕ್ಕೆ ಟವೆಲು ಹಾಕಿಕೊಂಡು ಬಹಳ ಹೊತ್ತು ತೆಗೆಯಲಿಲ್ಲ. ನಾನು ನೋಡದ ಹಾಗೆ ನಟಿಸಿದೆ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿಯ ಬಾಯಲ್ಲಿ ಅದೊಂದೇ ಮಾತು. ಅಷ್ಟು ಜನರಲ್ಲಿ ಒಬ್ಬ ನಿಂತನಂತೆ, ಯಾರ ಮಗನೋ ಏನೋ, ಬಾಗಿ ಕುಡಿದು ಕೈ ಮುಗಿದು ಹೋದನಂತೆ. ಚಿಕ್ಕಪ್ಪ ಚಿತ್ರಾನ್ನ ಕಲೆಸುತ್ತ ಹೂಂಗುಟ್ಟುತ್ತಿದ್ದ. ವರ್ಷಗಳು ಕಳೆದಂತೆ ಆ ಹುಡುಗ ಅಜ್ಜಿಯ ಬಾಯಲ್ಲಿ ಎತ್ತರವಾದ, ಬೆಳ್ಳಗಾದ, ಕೆಂಗೇರಿಯ ಯಾವುದೋ ದೊಡ್ಡ ಮನೆತನದವನಾದ. ತುಂಟತನ ಮಾಡಿದಾಗಲೆಲ್ಲ ಅವನ ಉದಾಹರಣೆ ಕೊಟ್ಟು ನಮ್ಮನ್ನು ಬೈಯುತ್ತಿದ್ದಳು. "ಹೆತ್ರೆ ಅಂಥೋನ್ನ ಹೆರ್ಬೇಕು ಕಣೋ" ಎಂದು ಚಿಕ್ಕಪ್ಪನಿಗೇ ಒಮ್ಮೆ ಹೇಳಿದಾಗ ನನಗೆ ಬಾಯಿಯವರೆಗೆ ಬಂದಿತ್ತು. ಅವನು ಕಣ್ಣಲ್ಲೇ ಬೇಡ ಎಂದ.

ಚಿಕ್ಕಪ್ಪ ಮತ್ತೆ ಓಡಲಿಲ್ಲ. ಅದೇ ಲೇತಿನ ಮುಂದೆ ಮೂವತ್ತು ವರ್ಷ ನಿಂತ. ಕೊನೆಕೊನೆಗೆ ಮಂಡಿ ಹಿಡಿದುಕೊಂಡು ನಡೆಯುತ್ತಿದ್ದ. ಅಪ್ಪ, ಅಮ್ಮ, ಅವನು, ಒಬ್ಬೊಬ್ಬರಾಗಿ ಹೋದರು. ಹೆಂಚಿನ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಗಾರ್ಮೆಂಟ್ಸ್ ಎದ್ದಿದೆ. ಮಧ್ಯಾಹ್ನ ಊಟದ ಗಂಟೆಗೆ ಹೆಣ್ಣುಮಕ್ಕಳು ಬುತ್ತಿ ಹಿಡಿದು ಅದರ ನೆರಳಲ್ಲಿ ಕೂರುತ್ತಾರೆ. ಅಲ್ಲಿ ನಿಂತು ನಾನು ಯಾರನ್ನು ಏನೆಂದು ಕೇಳಲಿ? ನಿಮ್ಮದೂ ಇಂಥದೊಂದು ಮನೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ, ಹೋದದ್ದು ಗೋಡೆ ಮಾತ್ರವಲ್ಲ, ನಮ್ಮ ಗುಟ್ಟು ಬಲ್ಲವರೂ ಹೋಗಿರುತ್ತಾರೆ.

ಅಜ್ಜಿ ಹೋದದ್ದು ಎಲ್ಲರಿಗಿಂತ ಮೊದಲು, ಆ ದಶಕದ ಕೊನೆಯ ಬೇಸಿಗೆಯಲ್ಲಿ. ಹೋಗುವ ನಾಲ್ಕು ದಿನ ಮೊದಲು, ಜಗಲಿಯಲ್ಲಿ ಹಾಸಿದ್ದ ಚಾಪೆಯ ಮೇಲೆ ಮಲಗಿದ್ದಳು. ನಾನು ಬೀಸಣಿಗೆ ಬೀಸುತ್ತಿದ್ದೆ, ಚಿಕ್ಕಪ್ಪ ಅವಳ ಕಾಲು ಒತ್ತುತ್ತಿದ್ದ. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದವಳು ಇದ್ದಕ್ಕಿದ್ದಂತೆ, "ನಾಗಾ, ಅವತ್ತು ಆ ಹುಡುಗ ಓಡ್ತಾ ಇದ್ನಲ್ಲ, ನಾನು ನಿಲ್ಲಿಸ್ಬಿಟ್ಟೆ. ಪಾಪ, ನನ್ನಿಂದ ಸೋತ್ನೇನೋ?" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು. ನನ್ನ ಬೀಸಣಿಗೆ ನಿಂತಿತು.

"ಇಲ್ಲ ಕಣಮ್ಮ, ಅವನೇ ಗೆದ್ದಿದ್ದು" ಎಂದ ಚಿಕ್ಕಪ್ಪ. "ನಾನಲ್ಲೇ ಇದ್ದೆ, ನೋಡ್ದೆ."

ಅಜ್ಜಿ ಉಸಿರು ಬಿಟ್ಟು ಪಕ್ಕಕ್ಕೆ ಹೊರಳಿದಳು. ಚಿಕ್ಕಪ್ಪ ಅವಳ ಇನ್ನೊಂದು ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ.